ಬ್ಯಾಂಕ್ ಕೆಲಸ ಬಿಡದೆ ಸೆಕ್ಯೂರಿಟಿ ಮ್ಯಾನೇಜ್‌ಮೆಂಟ್ ಓದಬೇಕು, ಯಾವ ಆನ್‌ಲೈನ್ ಪದವಿ ಒಳ್ಳೆಯದು?

ಪ್ರಶ್ನೆ: ನಾನು ಮಂಡ್ಯದ ಒಂದು ಪಟ್ಟಣ ಸಹಕಾರ ಬ್ಯಾಂಕಿನಲ್ಲಿ ಆರು ವರ್ಷದಿಂದ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತಿದ್ದೇನೆ. ಓದಿದ್ದು ಮೂರು ವರ್ಷದ ಬಿಎಸ್ಸಿ, ಕಂಪ್ಯೂಟರ್ ಸೈನ್ಸ್. ಮನೆಯಲ್ಲಿ ನಾಲ್ಕು ವರ್ಷದ ಮಗಳಿದ್ದಾಳೆ. ಕೆಲಸ ಬಿಟ್ಟು, ಊರು ಬಿಟ್ಟು ಓದಲು ಆಗುವುದಿಲ್ಲ. ಆನ್‌ಲೈನ್‌ನಲ್ಲಿ ಇನ್ಫರ್ಮೇಷನ್ ಸೆಕ್ಯೂರಿಟಿ ಮ್ಯಾನೇಜ್‌ಮೆಂಟ್ ಸ್ನಾತಕೋತ್ತರ ಪದವಿ ಮಾಡಬೇಕು ಅಂತ ಆಸೆ. ಒಂದು ಕಂಪನಿಯವರು ದಿನಾ ಫೋನ್ ಮಾಡಿ, ವಿದೇಶಿ ವಿಶ್ವವಿದ್ಯಾಲಯದ ಪದವಿ ಮೇಡಂ, ಕಂತಿನಲ್ಲಿ ಕಟ್ಟಬಹುದು, ಇವತ್ತೇ ಸೀಟು ಹಿಡಿಯಿರಿ ಅನ್ನುತ್ತಾರೆ. ನಮ್ಮ ಮ್ಯಾನೇಜರ್ ಎಂಬಿಎ ಮಾಡಿ ಅನ್ನುತ್ತಾರೆ. ಮೈಸೂರಿನಲ್ಲಿರುವ ತಮ್ಮ, ಡಿಗ್ರಿ ಯಾಕಕ್ಕ, ಸರ್ಟಿಫಿಕೇಟ್ ಪರೀಕ್ಷೆ ಬರಿ ಸಾಕು ಅನ್ನುತ್ತಾನೆ. ಯಾರ ಮಾತು ಕೇಳಲಿ? ಮುಂದೆ ಮೈಸೂರಿನಲ್ಲಿ ಒಳ್ಳೆಯ ಕೆಲಸ ಸಿಗಬೇಕು, ಅಷ್ಟೇ ನನ್ನ ಉದ್ದೇಶ.

— ಮಂಡ್ಯದ ಓದುಗರು

ಉತ್ತರ: ಫೋನ್ ಮಾಡುವವರ ವಿಷಯ ಮೊದಲು ಮುಗಿಸಿಬಿಡೋಣ. ಅದರಲ್ಲಿ ಯೋಚನೆ ಮಾಡುವುದಕ್ಕೆ ಹೆಚ್ಚೇನೂ ಇಲ್ಲ.

ಆನ್‌ಲೈನ್ ಪಾಠ ಮಾರುವ ಎಡ್‌ಟೆಕ್ ಕಂಪನಿಗಳು ವಿದೇಶಿ ವಿಶ್ವವಿದ್ಯಾಲಯಗಳ ಜೊತೆ ಸೇರಿಕೊಂಡು ಕೊಡುವ ಆನ್‌ಲೈನ್ ಪದವಿಗಳ ಬಗ್ಗೆ ಯುಜಿಸಿ 2023ರ ಡಿಸೆಂಬರ್‌ನಲ್ಲೇ ಎಚ್ಚರಿಕೆ ಕೊಟ್ಟಿದೆ. ಇಂಥ ಫ್ರಾಂಚೈಸಿ ಪದವಿಗೆ ಇಲ್ಲಿ ಮಾನ್ಯತೆ ಇಲ್ಲ ಎಂದಿದೆ. ಖಾಸಗಿ ಕಂಪನಿಯವರು ಅದನ್ನೆಲ್ಲ ಕೇಳದೆ ಕೆಲಸ ಕೊಡಬಹುದು, ಅದು ಬೇರೆ ಮಾತು. ನಾಳೆ ನೀವು ಸರಕಾರಿ ಹುದ್ದೆಗೋ, ಕಾಲೇಜಿನಲ್ಲಿ ಪಾಠ ಮಾಡುವುದಕ್ಕೋ, ಪಿಎಚ್‌ಡಿಗೋ ಅರ್ಜಿ ಹಾಕಿದರೆ ಆ ಕಾಗದ ಅಲ್ಲಿ ನಡೆಯುವುದಿಲ್ಲ.

ಇನ್ನು ಕಂತು. ಬಡ್ಡಿ ಇಲ್ಲದ ಕಂತು ಎಂದು ಅವರು ಹೇಳುವುದು ಬಹಳ ಸಲ ಒಂದು ಹಣಕಾಸು ಕಂಪನಿ ನಿಮ್ಮ ಹೆಸರಿನಲ್ಲಿ ಕೊಡುವ ಸಾಲ. ನೀವು ಬ್ಯಾಂಕಿನವರು, ನಿಮಗೆ ನಾನು ಹೇಳಬೇಕಾಗಿಲ್ಲ. ಓದು ನಡುವೆ ನಿಂತರೂ ಕಂತು ನಿಲ್ಲುವುದಿಲ್ಲ, ಸಿಬಿಲ್ ಕೆಡುವುದು ನಿಮ್ಮದು. ಎಡ್‌ಟೆಕ್ ಕಂಪನಿಗಳ ಬಗ್ಗೆ ಕೇಂದ್ರ ಶಿಕ್ಷಣ ಸಚಿವಾಲಯ 2021ರ ಡಿಸೆಂಬರ್‌ನಲ್ಲಿ ಕೊಟ್ಟ ಸೂಚನೆಯಲ್ಲೂ ಇದೇ ಇತ್ತು: ಖಾತೆಯಿಂದ ತಾನಾಗಿ ಹಣ ಕಡಿತವಾಗುವ ಒಪ್ಪಿಗೆ ಕೊಡುವ ಮುಂಚೆ, ಸಾಲಕ್ಕೆ ಸಹಿ ಹಾಕುವ ಮುಂಚೆ ಹುಷಾರು. ಇವತ್ತೇ ಸೀಟು ಅನ್ನುವ ಮಾತಿಗಂತೂ ಬೆಲೆಯೇ ಇಲ್ಲ. ಆನ್‌ಲೈನ್ ಕ್ಲಾಸಿನಲ್ಲಿ ಬೆಂಚು ತುಂಬಿಹೋಗುತ್ತದಾ?

ಹಾಗಂತ ವಿದೇಶದ್ದೆಲ್ಲ ಬೇಡ ಎಂದಲ್ಲ. ಜಾರ್ಜಿಯಾ ಟೆಕ್ 2019ರ ಜನವರಿಯಲ್ಲಿ ಶುರು ಮಾಡಿದ ಆನ್‌ಲೈನ್ ಸೈಬರ್‌ಸೆಕ್ಯೂರಿಟಿ ಪದವಿ ನಿಜಕ್ಕೂ ಗಟ್ಟಿ ಓದು. ಪೂರ್ತಿ ಪದವಿಗೆ 10,000 ಡಾಲರಿಗಿಂತ ಕಡಿಮೆ ಎಂದೇ ಅದು ಶುರುವಾಯಿತು. ಅಮೆರಿಕದ ಲೆಕ್ಕದಲ್ಲಿ ಅದು ಅಗ್ಗ. ಅಲ್ಲಿಗೆ ವಿಶ್ವವಿದ್ಯಾಲಯಕ್ಕೇ ನೇರವಾಗಿ ಅರ್ಜಿ ಹಾಕುತ್ತೀರಿ, ನಡುವೆ ಏಜೆಂಟ್ ಇಲ್ಲ. ಆದರೆ ನಿಮ್ಮದು ಮೂರು ವರ್ಷದ ಬಿಎಸ್ಸಿ. ಅಮೆರಿಕದ ಎಷ್ಟೋ ವಿಶ್ವವಿದ್ಯಾಲಯಗಳು ಸ್ನಾತಕೋತ್ತರಕ್ಕೆ ನಾಲ್ಕು ವರ್ಷದ ಪದವಿ ಕೇಳುತ್ತವೆ. ಇದು ಗೊತ್ತಿಲ್ಲದೆ ಇಂಗ್ಲಿಷ್ ಪರೀಕ್ಷೆಗೆ ದುಡ್ಡು ಕಟ್ಟಿ ಕೂತವರಿದ್ದಾರೆ. ಜೊತೆಗೆ, ಮನೆಯಲ್ಲಿ ಕೂತು ಆನ್‌ಲೈನ್‌ನಲ್ಲಿ ಪಡೆದ ವಿದೇಶಿ ಪದವಿಗೆ ನಮ್ಮಲ್ಲಿ ತತ್ಸಮಾನ ಪ್ರಮಾಣಪತ್ರ ಸಿಗುತ್ತದಾ ಎಂಬುದನ್ನು ಸೇರುವ ಮುಂಚೆಯೇ ವಿಚಾರಿಸಬೇಕು. ನಿಮ್ಮ ಗುರಿ ಮೈಸೂರು. ಇಷ್ಟು ದೂರ ಸುತ್ತುವ ಅಗತ್ಯ ನನಗೆ ಕಾಣುವುದಿಲ್ಲ.

ಈಗ ನಮ್ಮ ದೇಶದ ಪದವಿಗಳಿಗೆ ಬರೋಣ. ಇವೆಲ್ಲ ನಡೆಯುವುದು ಯುಜಿಸಿಯ 2020ರ ಮುಕ್ತ, ದೂರ ಮತ್ತು ಆನ್‌ಲೈನ್ ಶಿಕ್ಷಣದ ನಿಯಮಗಳ ಪ್ರಕಾರ. ಈ ನಿಯಮದಲ್ಲಿ ಎಂಜಿನಿಯರಿಂಗ್ ಪದವಿಯನ್ನು ಆನ್‌ಲೈನ್‌ನಲ್ಲಿ ಕೊಡುವ ಹಾಗಿಲ್ಲ. ಆದ್ದರಿಂದ ಯಾವುದಾದರೂ ಖಾಸಗಿ ವಿಶ್ವವಿದ್ಯಾಲಯದವರು ಆನ್‌ಲೈನ್ ಎಂಟೆಕ್ ಸೈಬರ್ ಸೆಕ್ಯೂರಿಟಿ ಕೊಡುತ್ತೇವೆ ಅಂದರೆ ಅಲ್ಲೇ ನಿಲ್ಲಿ. ನಿಮಗೆ ಸಿಗುವುದು ಎಂಸಿಎ, ಎಂಎಸ್ಸಿ, ಎಂಬಿಎ, ಈ ಮೂರರಲ್ಲಿ ಒಂದು. ಸೆಕ್ಯೂರಿಟಿ ಅದರೊಳಗಿನ ವಿಶೇಷ ವಿಷಯವಾಗಿ ಬರುತ್ತದೆ. ಐಐಟಿಗಳದ್ದು ಬೇರೆ ದಾರಿ, ಅವು ತಮ್ಮದೇ ಕಾಯ್ದೆಯ ಕೆಳಗೆ ನಡೆಯುತ್ತವೆ. ಕೆಲಸದಲ್ಲಿ ಇರುವವರಿಗೆಂದೇ ಐಐಟಿ ಕಾನ್ಪುರ ಸೈಬರ್ ಸೆಕ್ಯೂರಿಟಿಯಲ್ಲಿ ಇಮಾಸ್ಟರ್ಸ್ ಎಂಬ ಆನ್‌ಲೈನ್ ಸ್ನಾತಕೋತ್ತರ ಪದವಿ ನಡೆಸುತ್ತದೆ, ಗೇಟ್ ಪ್ರವೇಶ ಪರೀಕ್ಷೆ ಬೇಕಿಲ್ಲ. ಶುಲ್ಕ ಹಲವು ಲಕ್ಷ. ಅಲ್ಲೂ ಎಷ್ಟು ವರ್ಷದ ಪದವಿ ಕೇಳುತ್ತಾರೆ ಎಂಬುದನ್ನು ಮೊದಲು ನೋಡಿ.

ಮಾನ್ಯತೆ ನೋಡುವ ಕ್ರಮವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಜನ ಎಡವುವುದು ಇಲ್ಲೇ ಜಾಸ್ತಿ. ವಿಶ್ವವಿದ್ಯಾಲಯಕ್ಕೆ ಯುಜಿಸಿ ಮಾನ್ಯತೆ ಇದೆ ಅಂದರೆ ಅದರ ಎಲ್ಲ ಆನ್‌ಲೈನ್ ಕೋರ್ಸಿಗೂ ಇದೆ ಎಂದಲ್ಲ. ಯುಜಿಸಿಯ ದೂರ ಶಿಕ್ಷಣ ಮಂಡಳಿ, ಅಂದರೆ ಡೆಬ್, ತನ್ನ ಜಾಲತಾಣದಲ್ಲಿ ಪಟ್ಟಿ ಹಾಕುತ್ತದೆ. ಆ ಪಟ್ಟಿಯಲ್ಲಿ ನಿಮ್ಮ ವಿಶ್ವವಿದ್ಯಾಲಯದ ಹೆಸರಿರಬೇಕು, ನಿಮ್ಮ ಕೋರ್ಸಿನ ಹೆಸರಿರಬೇಕು, ಆನ್‌ಲೈನ್ ಎಂದಿರಬೇಕು, ನೀವು ಸೇರುವ ಶೈಕ್ಷಣಿಕ ಸಾಲಿನದ್ದೇ ಆಗಿರಬೇಕು. ನಾಲ್ಕೂ ಒಟ್ಟಿಗೆ. ಕಳೆದ ವರ್ಷದ ಪಟ್ಟಿಯ ಸ್ಕ್ರೀನ್‌ಶಾಟ್ ವಾಟ್ಸಾಪ್‌ನಲ್ಲಿ ಕಳಿಸಿದರೆ ಒಪ್ಪಬೇಡಿ, ನೀವೇ ತೆರೆದು ನೋಡಿ. 2024ರಿಂದ ವಿದ್ಯಾರ್ಥಿಯೇ ಆ ತಾಣದಲ್ಲಿ ಡೆಬ್ ಐಡಿ ಮಾಡಿಕೊಳ್ಳಬೇಕು. ಅದಕ್ಕೆ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್, ಅಂದರೆ ವಿದ್ಯಾರ್ಥಿ ಗಳಿಸಿದ ಕ್ರೆಡಿಟ್‌ಗಳ ಲೆಕ್ಕ ಇಡುವ ಸರಕಾರಿ ಖಾತೆಯ ಐಡಿ ಬೇಕು. ಡೆಬ್ ಐಡಿ ಕೇಳದೆ ದುಡ್ಡು ತೆಗೆದುಕೊಳ್ಳಲು ಬರುವವರನ್ನು ಅಲ್ಲೇ ಅನುಮಾನಿಸಿ. ಶುಲ್ಕ ಹೋಗಬೇಕಾದ್ದು ವಿಶ್ವವಿದ್ಯಾಲಯದ ಖಾತೆಗೆ, ನಡುವಿನ ಕಂಪನಿಯ ಖಾತೆಗಲ್ಲ.

ಇದು ಬರೀ ಕಾಗದದ ಮಾತು ಅನಿಸಿದರೆ ನಮ್ಮ ಮೈಸೂರಿನದ್ದೇ ಉದಾಹರಣೆ ಇದೆ. ಮುಕ್ತಗಂಗೋತ್ರಿಯ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ 1996ರಲ್ಲಿ ಆದದ್ದು, ರಾಜ್ಯ ಸರಕಾರದ್ದು. ರಾಜ್ಯದ ಹೊರಗೆ ಸಹಭಾಗಿ ಸಂಸ್ಥೆಗಳ ಮೂಲಕ ತಾಂತ್ರಿಕ ಕೋರ್ಸುಗಳನ್ನೂ ನಡೆಸಿದ ಕಾರಣಕ್ಕೆ 2012-13ರ ನಂತರ ಅದಕ್ಕೆ ಯುಜಿಸಿ ಮಾನ್ಯತೆ ಇಲ್ಲವಾಯಿತು. 2018ರಲ್ಲಿ ಮತ್ತೆ ಸಿಕ್ಕಿತು. ಈಗ ಅಲ್ಲಿ ನಿಶ್ಚಿಂತೆಯಿಂದ ಓದಬಹುದು. ಆದರೆ ನಡುವಿನ ಆ ವರ್ಷಗಳಲ್ಲಿ ಸೇರಿದವರು ಪಟ್ಟ ಪಾಡು ಮೈಸೂರು, ಮಂಡ್ಯದ ಎಷ್ಟೋ ಮನೆಗಳಿಗೆ ಗೊತ್ತು. ಸರಕಾರಿ ವಿಶ್ವವಿದ್ಯಾಲಯದಲ್ಲೇ ಹೀಗಾದರೆ ಹೆಸರೇ ಕೇಳದ ಖಾಸಗಿಯವರ ಮಾತೇನು? ಅದಕ್ಕೇ ಮಾನ್ಯತೆ ಯಾವ ಸಾಲಿನದ್ದು ಎಂದು ನೋಡಿ ಅನ್ನುವುದು.

ಆನ್‌ಲೈನ್ ಡಿಗ್ರಿಗೆ ಬೆಲೆ ಕಡಿಮೆ ಅಲ್ವಾ ಎಂಬ ಅಳುಕು ನಿಮಗೂ ಇರಬಹುದು. ಕಾನೂನಿನ ಪ್ರಕಾರ ಇಲ್ಲ. ಮಾನ್ಯತೆ ಇರುವ ಸಂಸ್ಥೆಯ ಆನ್‌ಲೈನ್ ಪದವಿ ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮ ಎಂದು ಯುಜಿಸಿ 2022ರ ಸೆಪ್ಟೆಂಬರ್‌ನಲ್ಲಿ ತಿಳಿಸಿದೆ. ಸಂದರ್ಶನದ ಕೋಣೆಯಲ್ಲಿ ಮಾತ್ರ ಕಾನೂನು ಅರ್ಧ ಕೆಲಸ ಮಾಡುತ್ತದೆ. ಉಳಿದರ್ಧ ನೀವು ಏನು ಕಲಿತಿದ್ದೀರಿ ಎಂಬುದರ ಮೇಲೆ.

ಹಾಗಾದರೆ ಏನು ಕಲಿಯಬೇಕು? ನನ್ನ ಸಲಹೆ ನಿಮ್ಮ ಮ್ಯಾನೇಜರ್ ಸಲಹೆಗೆ ವಿರುದ್ಧವಾಗಿದೆ. ನೀವು ಸೆಕ್ಯೂರಿಟಿ ಮ್ಯಾನೇಜರ್ ಆಗಬೇಕು ಅಂತಲೇ ಇದ್ದರೂ ಈಗ ಎಂಬಿಎ ಮಾಡಬೇಡಿ. ಸೈಬರ್ ಸೆಕ್ಯೂರಿಟಿ ವಿಶೇಷ ವಿಷಯವಾಗಿರುವ ಎಂಸಿಎ ಅಥವಾ ಎಂಎಸ್ಸಿ ಮಾಡಿ.

ಕಾರಣ ಹೇಳುತ್ತೇನೆ. ಎಂಬಿಎಯಲ್ಲಿ ಮೊದಲ ವರ್ಷ ಬಹುತೇಕ ಮಾರ್ಕೆಟಿಂಗ್, ಹಣಕಾಸು, ಸಿಬ್ಬಂದಿ ನಿರ್ವಹಣೆ, ಅರ್ಥಶಾಸ್ತ್ರ. ಸೆಕ್ಯೂರಿಟಿ ಬರುವುದು ಎರಡನೇ ವರ್ಷ, ಕೆಲವೇ ಪೇಪರ್. ದೊಡ್ಡ ಕಂಪನಿಯಲ್ಲಿ ಹತ್ತು ವರ್ಷ ಫೈರ್‌ವಾಲ್, ಸರ್ವರ್, ದಾಳಿಯ ತನಿಖೆ ಎಲ್ಲ ಮಾಡಿ ಕೈ ಪಳಗಿದವರಿಗೆ ಅದು ಸರಿಯಾದ ಓದು. ಅವರಿಗೆ ಬಾರದ್ದು ಬಜೆಟ್ ಭಾಷೆ, ಆಡಳಿತ ಮಂಡಳಿಯ ಮುಂದೆ ಮಾತು. ನಿಮ್ಮ ಪರಿಸ್ಥಿತಿ ತಿರುಗುಮುರುಗು. ಸಣ್ಣ ಸಹಕಾರ ಬ್ಯಾಂಕಿನಲ್ಲಿ ಖಾತೆಗಳ ಲೆಕ್ಕ ಇಡುವ ಕೋರ್ ಬ್ಯಾಂಕಿಂಗ್ ಸಾಫ್ಟ್‌ವೇರ್ ಹೊರಗಿನ ಕಂಪನಿಯದ್ದು, ಎಟಿಎಂನ ವಿನಂತಿಗಳಿಗೆ ಒಪ್ಪಿಗೆ ಕೊಡಿಸುವ ಎಟಿಎಂ ಸ್ವಿಚ್ ಇನ್ನೊಬ್ಬರದ್ದು. ನಿಮ್ಮ ದಿನದ ಬಹುಪಾಲು ಅವರಿಗೆ ಫೋನ್ ಮಾಡುವುದು, ಆಡಿಟರ್ ಕೇಳಿದ ಪಟ್ಟಿ ತುಂಬುವುದು, ಶಾಖೆಯವರ ಪಾಸ್‌ವರ್ಡ್ ಬದಲಿಸುವುದು, ನಿರ್ದೇಶಕರಿಗೆ ಇದಕ್ಕೆ ಯಾಕೆ ದುಡ್ಡು ಬೇಕು ಎಂದು ವಿವರಿಸುವುದು ಅಲ್ವಾ? ಇದೆಲ್ಲ ಮ್ಯಾನೇಜ್‌ಮೆಂಟೇ. ಆರು ವರ್ಷದಿಂದ ಅದನ್ನು ಹೆಸರಿಡದೆ ಮಾಡುತ್ತಿದ್ದೀರಿ. ನಿಮಗೆ ಸಿಗದೇ ಹೋದದ್ದು ತಾಂತ್ರಿಕ ಆಳ. ನೆಟ್‌ವರ್ಕಿನಲ್ಲಿ ಹರಿಯುವ ಮಾಹಿತಿಯ ಪ್ಯಾಕೆಟ್ ಬಿಡಿಸಿ ನೋಡುವುದು, ಲಿನಕ್ಸ್ ಸರ್ವರಿನ ಲಾಗ್, ಅಂದರೆ ಅಲ್ಲಿ ನಡೆದದ್ದರ ದಾಖಲೆ ಓದಿ ಏನಾಯಿತು ಎಂದು ಕಂಡುಹಿಡಿಯುವುದು, ಕ್ಲೌಡ್‌ನಲ್ಲಿ ಯಾರಿಗೆ ಯಾವ ಅನುಮತಿ ಕೊಡಬೇಕು ಎಂದು ತೀರ್ಮಾನಿಸುವುದು. ಮೈಸೂರಿನ ಕಂಪನಿಯವರು ಸಂದರ್ಶನದಲ್ಲಿ ನಿಮ್ಮನ್ನು ಹಿಡಿಯುವುದು ಇಲ್ಲೇ.

ಒಂದು ನಿಜವಾದ ಪ್ರಕರಣ ಹೇಳಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ನಿಮ್ಮ ಕ್ಷೇತ್ರದ್ದೇ. 2018ರ ಆಗಸ್ಟ್ 11, ಶನಿವಾರ. ಪುಣೆಯ ಕಾಸ್ಮಾಸ್ ಸಹಕಾರ ಬ್ಯಾಂಕಿನ ಎಟಿಎಂ ವ್ಯವಸ್ಥೆಯೊಳಗೆ ಕಳ್ಳರು ಮಾಲ್‌ವೇರ್, ಅಂದರೆ ಕೇಡಿನ ಸಾಫ್ಟ್‌ವೇರ್ ಸೇರಿಸಿದ್ದರು. ಎಟಿಎಂನಿಂದ ಬರುವ ವಿನಂತಿ ಬ್ಯಾಂಕಿನ ಅಸಲಿ ಸ್ವಿಚ್‌ಗೆ ಹೋಗುವ ಬದಲು ಅವರ ನಕಲಿ ಸ್ವಿಚ್‌ಗೆ ಹೋಗುತ್ತಿತ್ತು. ಅದು ಎಲ್ಲದಕ್ಕೂ ಸರಿ, ದುಡ್ಡು ಕೊಡು ಅನ್ನುತ್ತಿತ್ತು. 28 ದೇಶಗಳ ಎಟಿಎಂಗಳಲ್ಲಿ ಕೆಲವೇ ಗಂಟೆಗಳಲ್ಲಿ ಸುಮಾರು 80 ಕೋಟಿ ರೂಪಾಯಿ ಹೋಯಿತು. 13ನೇ ತಾರೀಕು ವಿದೇಶಕ್ಕೆ ಹಣ ಕಳಿಸಲು ಬ್ಯಾಂಕುಗಳು ಬಳಸುವ ಸ್ವಿಫ್ಟ್ ಜಾಲದ ಮೂಲಕ ಹಾಂಗ್‌ಕಾಂಗ್‌ನ ಖಾತೆಗೆ ಇನ್ನೂ ಸುಮಾರು 14 ಕೋಟಿ. ಒಟ್ಟು 94 ಕೋಟಿ.

ಇದನ್ನು ಬರೀ ತಂತ್ರಜ್ಞಾನದ ಕಣ್ಣಿನಿಂದ ನೋಡಿದವರು ಮಾಲ್‌ವೇರ್ ಹೇಗೆ ಒಳಗೆ ಬಂತು ಎಂದು ಕೇಳುತ್ತಾರೆ. ಬರೀ ಮ್ಯಾನೇಜ್‌ಮೆಂಟ್ ಓದಿದವರು ಪಾಲಿಸಿ ಇತ್ತಾ ಎಂದು ಕೇಳುತ್ತಾರೆ. ಕೆಲಸಕ್ಕೆ ಬರುವವರು ಎರಡನ್ನೂ ಸೇರಿಸಿ ಕೇಳುತ್ತಾರೆ. ವಾರಾಂತ್ಯದಲ್ಲಿ ವಿದೇಶದಿಂದ ಸಾವಿರಗಟ್ಟಲೆ ವಿತ್‌ಡ್ರಾವಲ್ ಬರುತ್ತಿದ್ದರೆ ಅದನ್ನು ಯಾರ ಪರದೆ ತೋರಿಸಬೇಕಿತ್ತು? ಕಾರ್ಡ್ ಜಾಲ ಲೆಕ್ಕ ಹಾಕಿದ ಮೊತ್ತಕ್ಕೂ ಕೋರ್ ಬ್ಯಾಂಕಿಂಗ್‌ನಲ್ಲಿ ಕಡಿತವಾದ ಮೊತ್ತಕ್ಕೂ ಎಷ್ಟು ಹೊತ್ತಿಗೊಮ್ಮೆ ತಾಳೆ ನೋಡಬೇಕು? ನಿಲ್ಲಿಸು ಎಂದು ಹೇಳುವ ಅಧಿಕಾರ ರಜಾ ದಿನ ಯಾರಿಗೆ? ಈ ಪ್ರಶ್ನೆಗಳನ್ನು ಕೇಳಬೇಕಾದರೆ ಸ್ವಿಚ್ ಏನು ಮಾಡುತ್ತದೆ ಎಂಬುದು ಗೊತ್ತಿರಬೇಕು. ಇದೇ ಕಾರಣಕ್ಕೆ ತಾಂತ್ರಿಕ ಓದು ಮೊದಲು ಅಂದೆ.

ಆ ಘಟನೆಯಾದ ಎರಡೇ ತಿಂಗಳಿಗೆ, 2018ರ ಅಕ್ಟೋಬರ್‌ನಲ್ಲಿ, ಪಟ್ಟಣ ಸಹಕಾರ ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕಿನ ಮೂಲಭೂತ ಸೈಬರ್ ಭದ್ರತಾ ಚೌಕಟ್ಟು ಬಂತು. 2019ರ ಡಿಸೆಂಬರ್ 31ರಂದು ರಿಸರ್ವ್ ಬ್ಯಾಂಕ್ ಈ ಬ್ಯಾಂಕುಗಳನ್ನು ನಾಲ್ಕು ಹಂತ ಮಾಡಿತು. ಮೊಬೈಲ್ ಬ್ಯಾಂಕಿಂಗ್ ಇದೆಯಾ, ಸ್ವಂತ ಎಟಿಎಂ ಸ್ವಿಚ್ ಇದೆಯಾ, ಸ್ವಿಫ್ಟ್ ಇದೆಯಾ ಎಂಬುದರ ಮೇಲೆ ಹಂತ ಏರುತ್ತದೆ, ಕೆಲಸವೂ ಏರುತ್ತದೆ. ನಾಲ್ಕನೇ ಹಂತದವರು ಸೈಬರ್ ನಿಗಾ ಕೇಂದ್ರವನ್ನೇ ಇಡಬೇಕು. ನಿಮ್ಮ ಬ್ಯಾಂಕಿನ ಫೈಲಿನಲ್ಲಿ ಆ ಸುತ್ತೋಲೆ ಖಂಡಿತ ಇರುತ್ತದೆ. ತೆಗೆದು ಓದಿ. ಮ್ಯಾನೇಜ್‌ಮೆಂಟ್ ಭಾಗಕ್ಕೆ ಅದಕ್ಕಿಂತ ಒಳ್ಳೆಯ ಪಠ್ಯಪುಸ್ತಕ ಯಾವ ವಿಶ್ವವಿದ್ಯಾಲಯವೂ ಕೊಡುವುದಿಲ್ಲ. ಅದೂ ಸಂಬಳ ಕೊಟ್ಟು ಓದಿಸುತ್ತಿದ್ದಾರೆ.

ಕೋರ್ಸ್ ಆರಿಸುವಾಗ ವಿಶ್ವವಿದ್ಯಾಲಯದ ಹೆಸರಿಗಿಂತ ಮುಂಚೆ ಸಿಲಬಸ್ ತರಿಸಿಕೊಳ್ಳಿ. ಬಣ್ಣದ ಬ್ರೋಷರ್ ಅಲ್ಲ, ಪೇಪರ್‌ವಾರು ಪಠ್ಯಕ್ರಮ. ಅದು ಹಳಸಿದೆಯಾ ಎಂದು ತಿಳಿಯಲು ನನ್ನ ಹತ್ತಿರ ಸುಲಭದ ಉಪಾಯ ಇದೆ. ಮಾಹಿತಿ ಭದ್ರತೆಯ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 27001 ಎಲ್ಲಿದೆ ನೋಡಿ. 2013ರ ಆವೃತ್ತಿ, 114 ನಿಯಂತ್ರಣಗಳು ಎಂದಿದ್ದರೆ ಯಾರೂ ಅದನ್ನು ಮುಟ್ಟಿ ವರ್ಷಗಳಾಗಿವೆ ಎಂದರ್ಥ. 2022ರ ಆವೃತ್ತಿಯಲ್ಲಿ ಅವು 93. ಹಳೆಯ ಆವೃತ್ತಿಯ ಪ್ರಮಾಣಪತ್ರಗಳಿಗೆ 2025ರ ಅಕ್ಟೋಬರ್ 31 ಕೊನೆಯ ದಿನವಾಗಿತ್ತು. ಅಮೆರಿಕದ ನಿಸ್ಟ್ ಸಂಸ್ಥೆಯ ಸೈಬರ್ ಭದ್ರತಾ ಚೌಕಟ್ಟೂ 2024ರ ಫೆಬ್ರುವರಿಯಲ್ಲಿ 2.0 ಆಯಿತು, ಆಡಳಿತ ಎಂಬ ಆರನೇ ಭಾಗ ಸೇರಿತು. ಇನ್ನು ಕಾನೂನು. 2000ನೇ ಇಸವಿಯ ಐಟಿ ಕಾಯ್ದೆಗೇ ಪಾಠ ನಿಂತಿದ್ದರೆ ಸಾಲದು. ಪಟ್ಟಿ ಮಾಡಿದ ಬಗೆಯ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ತಿಳಿಸಬೇಕು, ಲಾಗ್‌ಗಳನ್ನು 180 ದಿನ ಇಡಬೇಕು ಎಂಬ, ಕೇಂದ್ರ ಸರಕಾರದ ಸೈಬರ್ ತುರ್ತು ಸಂಸ್ಥೆ ಸರ್ಟ್-ಇನ್‌ನ ನಿರ್ದೇಶನ 2022ರ ಏಪ್ರಿಲ್‌ನದ್ದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ದಂಡ 250 ಕೋಟಿ ರೂಪಾಯಿವರೆಗೆ ಹೋಗುತ್ತದೆ. ಇವೆರಡೂ ಪಠ್ಯದಲ್ಲಿ ಇರಲೇಬೇಕು.

ಆಮೇಲೆ ಲ್ಯಾಬ್. ಆನ್‌ಲೈನ್ ಕೋರ್ಸುಗಳು ಸೋಲುವುದು ಇಲ್ಲಿ. ರೆಕಾರ್ಡ್ ಮಾಡಿದ ವಿಡಿಯೋ, ಪಿಡಿಎಫ್, ನಾಲ್ಕು ಆಯ್ಕೆಯ ಪ್ರಶ್ನೆ, ಇಷ್ಟೇ ಆದರೆ ಎರಡು ವರ್ಷ ಕಳೆದರೂ ಕೈಗೆ ಏನೂ ಹತ್ತುವುದಿಲ್ಲ. ಸೈಕಲ್ ತುಳಿಯುವುದನ್ನು ಪುಸ್ತಕದಲ್ಲಿ ಓದಿದ ಹಾಗೆ. ಮನೆಯಿಂದಲೇ ಲಾಗಿನ್ ಆಗಿ ಅಭ್ಯಾಸ ಮಾಡುವ ವರ್ಚುವಲ್ ಲ್ಯಾಬ್ ಇದೆಯಾ, ದಿನಕ್ಕೆ ಎಷ್ಟು ಹೊತ್ತು ತೆರೆದಿರುತ್ತದೆ, ಕೊನೆಯ ಪ್ರಾಜೆಕ್ಟ್‌ಗೆ ಮಾರ್ಗದರ್ಶಕರು ಯಾರು, ಅವರ ಜೊತೆ ನೇರವಾಗಿ ಮಾತಾಡಲು ಆಗುತ್ತದಾ, ಇವನ್ನೆಲ್ಲ ಕೇಳಿ. ಕಳೆದ ಬ್ಯಾಚಿನ ಒಂದು ಅಸೈನ್‌ಮೆಂಟ್ ತೋರಿಸಿ ಅನ್ನಿ. ತೋರಿಸಲು ಹಿಂದೆಮುಂದೆ ನೋಡಿದರೆ ಉತ್ತರ ಸಿಕ್ಕಿತು.

ಎಂಸಿಎ ಈಗ ಎರಡೇ ವರ್ಷ. ಕಂಪ್ಯೂಟರ್ ಸೈನ್ಸ್ ಓದಿದ ನಿಮಗೆ ಸೇರಲು ತೊಡಕು ಬರಲಾರದು. ಎಂಎಸ್ಸಿ ಸಿಕ್ಕರೆ ಸೆಕ್ಯೂರಿಟಿ ಪೇಪರ್‌ಗಳು ಎಷ್ಟಿವೆ ಎಂದು ಎಂಸಿಎ ಜೊತೆ ಪಕ್ಕಪಕ್ಕ ಇಟ್ಟು ಎಣಿಸಿ. ಎರಡೂ ಸಮ ಎನಿಸಿದರೆ ಎಂಸಿಎ ಹಿಡಿಯಿರಿ. ಅದರ ಹೆಸರು ಎಷ್ಟೋ ಕೆಲಸದ ಜಾಹೀರಾತುಗಳಲ್ಲಿ ಇರುತ್ತದೆ. ಎರಡು ವರ್ಷಕ್ಕೆ ಕೈ ಹಾಕಲು ಧೈರ್ಯ ಬರದಿದ್ದರೆ ಇಗ್ನೋದ ಪಿಜಿ ಡಿಪ್ಲೊಮಾ ಇನ್ ಇನ್ಫರ್ಮೇಷನ್ ಸೆಕ್ಯೂರಿಟಿ ಇದೆ, ಒಂದು ವರ್ಷದ್ದು, ಖರ್ಚೂ ಕಡಿಮೆ. ಅದು ಡಿಪ್ಲೊಮಾ, ಸ್ನಾತಕೋತ್ತರ ಪದವಿ ಅಲ್ಲ, ನೆನಪಿರಲಿ. ನಿಮಗೆ ಈ ವಿಷಯ ರುಚಿಸುತ್ತದಾ ಎಂದು ನೋಡಲು ಇನ್ನೂ ಅಗ್ಗದ ದಾರಿ ಎನ್‌ಪಿಟಿಇಎಲ್. ಐಐಟಿಗಳ ಸೆಕ್ಯೂರಿಟಿ ಪಾಠಗಳು ಅಲ್ಲಿ ಪುಕ್ಕಟೆ, ಪ್ರಮಾಣಪತ್ರ ಬೇಕಾದರೆ ಮಾತ್ರ ಪರೀಕ್ಷೆಗೆ ಸಣ್ಣ ಶುಲ್ಕ. ಪ್ರವೇಶ ಶುರುವಾಗುವ ಮುಂಚೆ ಅದರಲ್ಲಿ ಒಂದು ಕೋರ್ಸ್ ಪೂರ್ತಿ ಮಾಡಿ ನೋಡಿ. ಮಗಳು ಮಲಗಿದ ಮೇಲೆ ರಾತ್ರಿ ಎಷ್ಟು ಹೊತ್ತು ಕೂರಲು ಆಗುತ್ತದೆ ಎಂಬ ಲೆಕ್ಕವೂ ಸಿಕ್ಕಿಬಿಡುತ್ತದೆ.

ಪರೀಕ್ಷೆಯ ವೇಳಾಪಟ್ಟಿ ಕೇಳುವುದನ್ನು ಮರೆಯಬೇಡಿ. ಮಾರ್ಚ್ ಕೊನೆ, ಸೆಪ್ಟೆಂಬರ್ ಕೊನೆ ಬ್ಯಾಂಕಿನಲ್ಲಿ ನೀವು ಅಲ್ಲಾಡುವ ಹಾಗಿರುವುದಿಲ್ಲ. ಮನೆಯಲ್ಲೇ ಕ್ಯಾಮೆರಾ ಮುಂದೆ ಕೂತು ಬರೆಯುವ ಪರೀಕ್ಷೆಯಾದರೆ ಕೋಣೆಗೆ ಬೇರೆ ಯಾರೂ ಬರಬಾರದು. ನಾಲ್ಕು ವರ್ಷದ ಮಗುವಿಗೆ ಅದನ್ನು ಹೇಳಿ ಒಪ್ಪಿಸುವುದು ಯಾವ ಸೆಕ್ಯೂರಿಟಿ ಪಾಲಿಸಿಗಿಂತಲೂ ಕಷ್ಟ. ಅಜ್ಜಿ ಮನೆ ಹತ್ತಿರ ಇದ್ದರೆ ಆವತ್ತು ಅಲ್ಲಿಗೆ ಕಳಿಸಿ.

ಇನ್ನು ನಿಮ್ಮ ತಮ್ಮನ ಮಾತು. ಅವರು ಹೇಳಿದ್ದು ಅರ್ಧ ಸರಿ. ಈ ಕ್ಷೇತ್ರದಲ್ಲಿ ಪದವಿಗಿಂತ ಮುಂಚೆ ಸರ್ಟಿಫಿಕೇಟ್ ಕೇಳುವ ಕೆಲಸಗಳು ಬೇಕಾದಷ್ಟಿವೆ. ಆದರೆ ಪರೀಕ್ಷೆ ಪಾಸಾದ ಕೂಡಲೇ ಆ ಹೆಸರು ಸಿಗುವುದಿಲ್ಲ, ಅದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಸೆಕ್ಯೂರಿಟಿಯ ಹೆಸರಾಂತ ಸರ್ಟಿಫಿಕೇಟ್ ಸಿಐಎಸ್‌ಎಸ್‌ಪಿಗೆ ಅದರ ಎಂಟು ವಿಭಾಗಗಳಲ್ಲಿ ಎರಡರಲ್ಲಾದರೂ ಒಟ್ಟು 5 ವರ್ಷ ಸಂಬಳದ ಅನುಭವ ಬೇಕು, ಪದವಿ ಇದ್ದರೆ ಒಂದು ವರ್ಷ ಬಿಡುತ್ತಾರೆ. ಸಿಐಎಸ್‌ಎಂಗೂ 5 ವರ್ಷ, ಅದೂ ಸೆಕ್ಯೂರಿಟಿ ಮ್ಯಾನೇಜ್‌ಮೆಂಟ್ ಕೆಲಸದಲ್ಲಿ. ಸಿಐಎಸ್‌ಎ, ಅಂದರೆ ಮಾಹಿತಿ ವ್ಯವಸ್ಥೆಗಳ ಆಡಿಟ್‌ನದ್ದು, ಅದಕ್ಕೂ 5 ವರ್ಷ ಕೇಳುತ್ತಾರೆ. ಓದಿಗೆ, ಬೇರೆ ಅನುಭವಕ್ಕೆ ಗರಿಷ್ಠ 3 ವರ್ಷದವರೆಗೆ ರಿಯಾಯಿತಿ ಇದೆ. ಪರೀಕ್ಷೆ ಮೊದಲು ಪಾಸಾಗಿ ಐದು ವರ್ಷದೊಳಗೆ ಅನುಭವ ತೋರಿಸಬಹುದು.

ಈ ಮೂರರಲ್ಲಿ ನಿಮಗೆ ನಾನು ಹೇಳುವುದು ಸಿಐಎಸ್‌ಎ. ಆಡಿಟರ್ ಎದುರು ಕೂತು ಆರು ವರ್ಷ ಉತ್ತರ ಕೊಟ್ಟಿದ್ದೀರಿ, ಮೇಜಿನ ಆ ಕಡೆ ಏನು ಯೋಚಿಸುತ್ತಾರೆ ಎಂಬುದು ನಿಮಗೆ ಬೇಗ ಹಿಡಿಯುತ್ತದೆ. 150 ಪ್ರಶ್ನೆ, 4 ಗಂಟೆ, 800ಕ್ಕೆ 450 ಬಂದರೆ ಪಾಸು. ಶುಲ್ಕ ಪರೀಕ್ಷೆ ನಡೆಸುವ ಸಂಘದ ಸದಸ್ಯರಿಗೆ 575 ಡಾಲರ್, ಉಳಿದವರಿಗೆ 760. ಸುಮ್ನೆ ಬರೆದು ನೋಡುವ ಪರೀಕ್ಷೆಯಲ್ಲ. ಎಂಸಿಎ ಎರಡನೇ ವರ್ಷದಲ್ಲಿ ಇಟ್ಟುಕೊಳ್ಳಿ. ನಿಮ್ಮ ಕೆಲಸದ ವಿವರವನ್ನು ಈಗಿನಿಂದಲೇ ಬರೆದಿಡಿ. ಬಳಕೆದಾರರ ಅನುಮತಿ ಪರಿಶೀಲನೆ, ಬ್ಯಾಕಪ್ ಪರೀಕ್ಷೆ, ಆಡಿಟ್ ಆಕ್ಷೇಪಣೆ ಸರಿಪಡಿಸಿದ್ದು, ಹೀಗೆ ತಾರೀಕು ಸಮೇತ. ಅನುಭವ ದೃಢೀಕರಿಸಿ ಸಹಿ ಹಾಕಬೇಕಾದವರು ನಿಮ್ಮ ಮ್ಯಾನೇಜರೇ. ಐದು ವರ್ಷದ ನಂತರ ಅವರು ಯಾವ ಶಾಖೆಯಲ್ಲಿರುತ್ತಾರೋ ಏನೋ.

ಕೋರ್ಸಿನ ಅಸೈನ್‌ಮೆಂಟ್‌ಗಳಿಗೆ ನಿಮ್ಮ ಬ್ಯಾಂಕನ್ನೇ ಪ್ರಯೋಗಶಾಲೆ ಮಾಡಿಕೊಳ್ಳಬಹುದು. ಅಪಾಯಗಳ ಪಟ್ಟಿ ಮಾಡಿ ಅನ್ನುತ್ತಾರೆ, ಬೇರೆಯವರು ಊಹಿಸಿ ಬರೆಯುತ್ತಾರೆ, ನಿಮಗೆ ಕಣ್ಣೆದುರಿಗೇ ಇದೆ. ಕೋರ್ ಬ್ಯಾಂಕಿಂಗ್‌ನ ಅಡ್ಮಿನ್ ಪಾಸ್‌ವರ್ಡ್ ಯಾರ ಕೈಲಿದೆ? ಹೊರಗಿನ ಕಂಪನಿಯಲ್ಲಿ ದಾಳಿಯಾದರೆ ಅವರು ನಮಗೆ ಎಷ್ಟು ಹೊತ್ತಿನಲ್ಲಿ ಹೇಳಬೇಕು ಎಂದು ಒಪ್ಪಂದದಲ್ಲಿದೆಯಾ? ಅವರು ಮರುದಿನ ಹೇಳಿದರೆ, ನಿಮ್ಮ 6 ಗಂಟೆ ಶುರುವಾಗುವ ಹೊತ್ತಿಗೆ ಎಷ್ಟು ನಷ್ಟವಾಗಿರುತ್ತದೆ? ಒಂದೇ ಎಚ್ಚರಿಕೆ. ಬ್ಯಾಂಕಿನ ಹೆಸರು, ಐಪಿ ವಿಳಾಸ, ನೆಟ್‌ವರ್ಕ್ ನಕ್ಷೆ, ಗ್ರಾಹಕರ ವಿವರ ಯಾವುದನ್ನೂ ಅಸೈನ್‌ಮೆಂಟಿನಲ್ಲಿ ಹಾಕಬೇಡಿ. ಮ್ಯಾನೇಜರ್ ಅನುಮತಿಯನ್ನು ಬರಹದಲ್ಲಿ ತೆಗೆದುಕೊಳ್ಳಿ. ಸೆಕ್ಯೂರಿಟಿ ಓದಲು ಹೋಗಿ ಬ್ಯಾಂಕಿನ ಗುಟ್ಟು ಅಪ್‌ಲೋಡ್ ಮಾಡಿದರೆ ಸಂದರ್ಶನದಲ್ಲಿ ಹೇಳಿಕೊಳ್ಳುವ ಹಾಗಿರುವುದಿಲ್ಲ.

ಮೈಸೂರಿನ ಕೆಲಸದ ಬಗ್ಗೆ ನೇರವಾಗಿ ಹೇಳುತ್ತೇನೆ. ಹೆಬ್ಬಾಳದ ಇನ್ಫೋಸಿಸ್ ಇದೆ, ಸುತ್ತಮುತ್ತ ಬೇರೆ ಐಟಿ ಕಂಪನಿಗಳೂ, ಕಾರ್ಖಾನೆಗಳೂ ಇವೆ. ಸೆಕ್ಯೂರಿಟಿ ಕೆಲಸಗಳೂ ಇವೆ, ಆದರೆ ಬೆಂಗಳೂರಿನಲ್ಲಿ ಇರುವಷ್ಟಿಲ್ಲ. ಅದರಲ್ಲೂ ಮ್ಯಾನೇಜರ್ ಹುದ್ದೆ ಹೊರಗಿನಿಂದ ಬಂದವರಿಗೆ ಮೊದಲ ದಿನವೇ ಸಿಗುವುದು ಅಪರೂಪ. ನಿಮಗೆ ಹತ್ತಿರದ ಬಾಗಿಲು ಆಡಿಟ್ ಮತ್ತು ನಿಯಮಪಾಲನೆಯ ತಂಡಗಳು. ಜಿಆರ್‌ಸಿ (ಆಡಳಿತ, ಅಪಾಯ, ನಿಯಮಪಾಲನೆ) ಅನಲಿಸ್ಟ್, ಐಟಿ ಆಡಿಟರ್ ಎಂಬ ಹೆಸರಿನಲ್ಲಿ ಹುಡುಕಿ. ಬ್ಯಾಂಕಿಂಗ್ ಗ್ರಾಹಕರಿರುವ ಕಂಪನಿಗಳಿಗೆ ರಿಸರ್ವ್ ಬ್ಯಾಂಕಿನ ಸುತ್ತೋಲೆಯನ್ನು ಒಳಗಿನಿಂದ ನೋಡಿದವರು ಸುಲಭಕ್ಕೆ ಸಿಗುವುದಿಲ್ಲ. ಮಂಡ್ಯದಲ್ಲಿ ಇರುವುದೂ ನಿಮಗೆ ಅನುಕೂಲವೇ. ಮೈಸೂರಿಗೂ ರೈಲು, ಬೆಂಗಳೂರಿಗೂ ರೈಲು. ವಾರಕ್ಕೆ ಎರಡು ಮೂರು ದಿನ ಮಾತ್ರ ಆಫೀಸಿಗೆ ಕರೆಯುವ ಬೆಂಗಳೂರಿನ ಕೆಲಸವನ್ನೂ ಪಟ್ಟಿಯಿಂದ ತೆಗೆಯಬೇಡಿ. ಬೆಂಗಳೂರಿನ ಐಐಎಸ್‌ಸಿಯಲ್ಲಿರುವ ರಾಜ್ಯ ಸರಕಾರದ ಸೈಬರ್ ಭದ್ರತಾ ಕೇಂದ್ರ ಸೈಸೆಕ್ ಆಗಾಗ ತರಬೇತಿ, ಕಾರ್ಯಾಗಾರ ನಡೆಸುತ್ತದೆ. ಅದರ ಪ್ರಕಟಣೆಗಳ ಮೇಲೆ ಕಣ್ಣಿಡಿ, ಈ ಕೆಲಸದವರ ಪರಿಚಯ ಆಗುವುದು ಅಂಥ ಕಡೆ.

ಕೊನೆಗೆ ದುಡ್ಡು. ಶಿಕ್ಷಣ ಸಾಲ ಬೇಕೆನಿಸಿದರೆ ಬ್ಯಾಂಕಿನಿಂದಲೇ ತೆಗೆದುಕೊಳ್ಳಿ. ಅದರ ಬಡ್ಡಿಗೆ ಎಂಟು ವರ್ಷದವರೆಗೆ ಆದಾಯ ತೆರಿಗೆ ವಿನಾಯಿತಿ ಇದೆ, ಹಳೆಯ ತೆರಿಗೆ ಪದ್ಧತಿಯಲ್ಲಿ ಇದ್ದರೆ ಮಾತ್ರ. ಅದಕ್ಕಿಂತ ಮುಂಚೆ ನಿಮ್ಮ ಬ್ಯಾಂಕಿನ ಆಡಳಿತ ಮಂಡಳಿಗೆ ಒಂದು ಪತ್ರ ಕೊಡಿ. ರಿಸರ್ವ್ ಬ್ಯಾಂಕಿನ ಚೌಕಟ್ಟು ಸಿಬ್ಬಂದಿಗೆ ಸೈಬರ್ ಭದ್ರತೆಯ ಅರಿವು, ತರಬೇತಿ ಕೊಡಿ ಅನ್ನುತ್ತದೆ. ಆ ಸಾಲನ್ನೇ ಪತ್ರದಲ್ಲಿ ಬರೆದು, ಕೋರ್ಸ್ ಶುಲ್ಕ ಪೂರ್ತಿ ಆಗದಿದ್ದರೆ ಸಿಐಎಸ್‌ಎ ಪರೀಕ್ಷೆಯ ಶುಲ್ಕವನ್ನಾದರೂ ಕೊಡಿ ಎಂದು ಕೇಳಿ. ಕೊಟ್ಟರೆ ಇಷ್ಟು ವರ್ಷ ಕೆಲಸ ಬಿಡುವ ಹಾಗಿಲ್ಲ ಎಂಬ ಬಾಂಡ್ ಕೇಳಬಹುದು. ಎರಡು ವರ್ಷದವರೆಗಾದರೆ ಸಹಿ ಹಾಕಿ, ಹೇಗಿದ್ದರೂ ಓದು ಮುಗಿಯಲು ಅಷ್ಟು ಬೇಕು. ಅದಕ್ಕಿಂತ ಜಾಸ್ತಿ ಕೇಳಿದರೆ ಶುಲ್ಕ ನೀವೇ ಕಟ್ಟಿಕೊಳ್ಳುವುದು ಮೇಲು.